ಬಿಳಿಪೇಟ, ತಿಳಿಪೇಟ

ನಮ್ಮೂರಿನಲ್ಲಿ ಯಾರೂ ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಹೊಡೆದು ಮಾಡುವುದೇನು? ಮುಂದಿನ ವರ್ಷ ಅದೇ ಮೊಳೆಗೆ ಇನ್ನಾರದೋ ಅಂಗಿ ತೂಗುತ್ತಿರುತ್ತದೆ. ಕ್ಯಾಲೆಂಡರನ್ನು ನಾವು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟುತ್ತೇವೆ. ಬೀರು ಯಾರ ಮನೆಯಲ್ಲೂ ಇಲ್ಲ, ಟ್ರಂಕು ಎಲ್ಲರ ಮನೆಯಲ್ಲೂ ಇದೆ. ಉಪ್ಪಿನಕಾಯಿಯನ್ನು ಒಂದೇ ಕೈಯಲ್ಲಿ ಎತ್ತುವಂಥ ಸಣ್ಣ ಭರಣಿಗಳಲ್ಲಿ ಹಾಕುತ್ತೇವೆ. ಬಾಗಿಲಿನ ಚೌಕಟ್ಟುಗಳ ಮೇಲೆ ಮಕ್ಕಳ ಎತ್ತರದ ಗೆರೆಗಳಿವೆ. ಒಂದೊಂದು ಚೌಕಟ್ಟಿನಲ್ಲೂ ಹತ್ತು ಹನ್ನೆರಡು ಮನೆಗಳ ಮಕ್ಕಳು ಒಬ್ಬರ ಮೇಲೊಬ್ಬರು ಬೆಳೆದಿದ್ದಾರೆ. ಯಾವ ಗೆರೆ ಯಾರದೆಂದು ಅವರಿಗೇ ಈಗ ನೆನಪಿಲ್ಲ.

ಒಲೆಗೊಂದು ಕುಂಡ, ಕುಂಡದಲ್ಲೊಂದು ಗೆಡ್ಡೆ, ಗೆಡ್ಡೆಗೆ ವರ್ಷಕ್ಕೊಂದು ಹೂ. ಊರಿನ ಐದು ಬೀದಿಗಳಿಗೂ ಆ ಹೂವಿನ ಐದು ಬಗೆಗಳದ್ದೇ ಹೆಸರು, ಮನೆಯ ಹೂ ಯಾವ ಬಗೆಯದೋ ಆ ಹೆಸರಿನ ಬೀದಿಯಲ್ಲಿ ಆ ಮನೆಯವರ ಆ ವರ್ಷದ ವಾಸ. ಹೋದ ವರ್ಷ ಬಿಟ್ಟ ಬಗೆಯನ್ನೇ ಈ ವರ್ಷವೂ ಬಿಡಬೇಕೆಂಬ ನಿಯತ್ತು ಆ ಗೆಡ್ಡೆಗಿಲ್ಲ. ಗಡ್ಡದ ಹೂ ಎಂದು ಅದರ ಹೆಸರು. ಮೂರು ಎಸಳು ಮೇಲೆದ್ದು ಒಂದಕ್ಕೊಂದು ಒರಗಿ ನಿಂತಿರುತ್ತವೆ, ಅದು ಪೇಟ. ಮೂರು ಎಸಳು ಕೆಳಕ್ಕೆ ಇಳಿಬಿದ್ದಿರುತ್ತವೆ, ಅದು ಸೆರಗು. ಸೆರಗಿನ ಬುಡದಲ್ಲಿ ಕಂಬಳಿಹುಳುವಿನಂಥ ರೋಮದ ಸಾಲು, ಅದು ಗಡ್ಡ. ಪೇಟ, ಸೆರಗು, ಗಡ್ಡ ಮೂರನ್ನೂ ಹೊತ್ತುಕೊಂಡ ಈ ಹೂವಿಗೆ ತಾನು ಗಂಡೋ ಹೆಣ್ಣೋ ಎನ್ನುವುದೇ ಇನ್ನೂ ತೀರ್ಮಾನವಾಗಿಲ್ಲ, ಇದು ನಮ್ಮ ಸಂಸಾರ ತೀರ್ಮಾನಿಸಲು ಹೊರಟಿದೆ ಎಂದು ನನ್ನ ಸೋದರತ್ತೆ ಬೈಯುತ್ತಿದ್ದಳು. ಬೈಯುತ್ತಲೇ ಮೂವತ್ತೆಂಟು ವರ್ಷ ಊರಿನ ಹೂ ನೋಡಿದಳು. ಅವಳ ನಂತರ ಮೂವತ್ತೊಂದು ವರ್ಷದಿಂದ ನಾನು ನೋಡುತ್ತಿದ್ದೇನೆ. ಜವರಮ್ಮ ಎಂದು ನನ್ನ ಹೆಸರು. ಮದುವೆಯಾಗಲಿಲ್ಲ, ಆಗದ್ದಕ್ಕೆ ದುಃಖವೂ ಇಲ್ಲ, ಮೊಣಕಾಲು ಎರಡೂ ಹೋಗಿವೆ.

ಹೂ ನೋಡುವುದೆಂದರೆ ಬಣ್ಣ ನೋಡುವುದಲ್ಲ. ನೇರಳೆಯೋ ಕಂದೋ ಎಂದು ತಲೆಕೆಡಿಸಿಕೊಳ್ಳುವವರು ಹೊಸಬರು. ಬಣ್ಣ ಎಲ್ಲಿ ನಿಂತಿದೆ, ಎಲ್ಲಿ ಬಿಟ್ಟುಹೋಗಿದೆ ಎನ್ನುವುದೇ ಲೆಕ್ಕ. ಪೇಟಕ್ಕೂ ಸೆರಗಿಗೂ ಒಂದೇ ಬಣ್ಣವಿದ್ದರೆ ಅದು ಒಂಟಿಬಣ್ಣ. ಪೇಟ ಹಳದಿಯಾಗಿ ಸೆರಗು ಕೆಂಪುಗಂದಾಗಿದ್ದರೆ ಅರಿಶಿನಪೇಟ. ಬಿಳಿಯ ಎಸಳಿನ ಅಂಚಿನಲ್ಲಿ ಸೂಜಿ ಹಾಕಿದಂತೆ ಚುಕ್ಕೆಗಳು ಹರಿದಿದ್ದರೆ ಅಂಚುಹೊಲಿಗೆ. ಈ ಮೂರನ್ನು ಓಡುವ ಬಸ್ಸಿನಿಂದಲೂ ಹೇಳಬಹುದು. ಪ್ರಾಣ ಹಿಂಡುವುದು ಉಳಿದ ಎರಡು. ಸೆರಗಿಗೆ ಬಣ್ಣವಿದ್ದು ಪೇಟ ಅಚ್ಚ ಬಿಳುಪಾಗಿದ್ದರೆ ಬಿಳಿಪೇಟ. ಸೆರಗಿನ ಬಣ್ಣವೇ ಪೇಟದಲ್ಲೂ ಇದ್ದು, ಆದರೆ ನೀರು ಬೆರೆಸಿದ ಹಾಗೆ ತೆಳ್ಳಗಿದ್ದರೆ ತಿಳಿಪೇಟ. ಎಷ್ಟು ತೆಳ್ಳಗೆ? ಕೆಲವು ಸಲ ನಂಬಲಾಗದಷ್ಟು. ಸೆರಗು ಗಾಢ ನೀಲಿ, ಪೇಟದಲ್ಲಿ ನೀಲಿ ಇದೆಯೋ ಇಲ್ಲವೋ ಎಂಬಷ್ಟು ಮಾತ್ರ. ಆ ಒಂದು ಎಳೆಯ ಮೇಲೆ ಒಂದು ಮನೆಯವರು ಟ್ರಂಕು ಬಿಚ್ಚಬೇಕೋ ಕಟ್ಟಬೇಕೋ ಎನ್ನುವುದು ನಿಂತಿರುತ್ತದೆ.

ಅದಕ್ಕೇ ನನ್ನ ಬಳಿ ಒಂದು ಬಿಳಿ ಮಲ್ಲಿನ ಬಟ್ಟೆ ಇದೆ. ಬಿಳಿಯನ್ನು ಕಣ್ಣಿಗೆ ಬಿಟ್ಟರೆ ಅದು ಮೋಸ ಹೋಗುತ್ತದೆ, ಇನ್ನೊಂದು ಬಿಳಿಯ ಪಕ್ಕದಲ್ಲಿಟ್ಟರೆ ಮಾತ್ರ ನಿಜ ಹೇಳುತ್ತದೆ. ಪೇಟದ ಹಿಂದೆ ಬಟ್ಟೆ ಹಿಡಿದು, ಇಬ್ಬನಿ ಆರುವ ಮೊದಲೇ ನೋಡಬೇಕು. ಬಿಸಿಲೇರಿದರೆ ತೆಳುಬಣ್ಣವೆಲ್ಲ ಬೆಳ್ಳಗಾಗಿಬಿಡುತ್ತದೆ. ಹೂಗಳಿಗೂ ಆ ಮಟ್ಟಿಗೆ ದಯೆಯಿದೆ, ದಿನಕ್ಕೊಂದು ಬೀದಿಯಂತೆ ಐದು ಬೆಳಗ್ಗೆಯಲ್ಲಿ ಅರಳುತ್ತವೆ. ನೋಡಿದ್ದನ್ನು ಬಾಗಿಲ ಮೇಲೆ ಸುಣ್ಣದಲ್ಲಿ ಬರೆಯುತ್ತೇನೆ. ಅದೇ ದಿನ ಸೂರ್ಯ ಮುಳುಗುವವರೆಗೆ ಬರೆದವಳೇ ಅಳಿಸಬಹುದು. ಮುಳುಗಿದ ಮೇಲೆ ಬಾಗಿಲಲ್ಲಿ ಇದ್ದದ್ದು ಒಂದು ವರ್ಷದವರೆಗೆ ಇದ್ದೇ ಇರುತ್ತದೆ.

ಇಷ್ಟು ಹೇಳಿದ್ದು ಚಿಕ್ಕೀರಣ್ಣನ ವಿಷಯ ಹೇಳುವುದಕ್ಕೆ. ನವಾರಿನ ಮಂಚ ಹೆಣೆಯುವವನು ಅವನು. ಮಡಚಿ ಹೆಗಲ ಮೇಲೆ ಹಾಕಿಕೊಳ್ಳುವಂಥ ಮಂಚವಿಲ್ಲದೆ ನಮ್ಮೂರಿನಲ್ಲಿ ಬದುಕಲಿಕ್ಕಾಗದು, ಹಾಗಾಗಿ ಅವನಿಗೆ ಕೆಲಸಕ್ಕೆ ಬರವಿರಲಿಲ್ಲ. ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವನ ಎರಡು ಕಣ್ಣನ್ನೂ ತಿಂದುಹಾಕಿತು. ಆ ವರ್ಷ ಅವರಿದ್ದದ್ದು ಅಂಚುಹೊಲಿಗೆ ಬೀದಿಯಲ್ಲಿ, ಮರುವರ್ಷ ಅರಿಶಿನಪೇಟದಲ್ಲಿ. ಎರಡು ವರ್ಷವೂ ಮನುಷ್ಯ ಗೋಡೆಗೆ ಒರಗಿ ಕೂತುಬಿಟ್ಟ. ಬಚ್ಚಲಿಗೆ ಹೋಗಬೇಕಾದರೂ ಹೆಂಡತಿ ಗಂಗಾಜಮ್ಮನ ಕೈ ಬೇಕಾಗಿತ್ತು. ಹೋದ ವರ್ಷ ಬಿಳಿಪೇಟದ ಬೀದಿಗೆ ಬಂದ ಮೇಲೆ ಅದೇನು ಹಟ ಹೊಕ್ಕಿತೋ, ಬೀದಿಯನ್ನು ಕಲಿಯತೊಡಗಿದ. ಮೂರು ತಿಂಗಳು ಗಂಗಾಜಮ್ಮ ಅವನ ಕೈ ಹಿಡಿದು ನಡೆಸಿದಳು. ಎರಡು ಸಲ ಮೋರಿಗೆ ಬಿದ್ದ. ಒಂದು ಸಲ ಯಾರದೋ ಅಡುಗೆಮನೆಗೆ ನುಗ್ಗಿ, ಅಲ್ಲಿ ರೊಟ್ಟಿ ತಟ್ಟುತ್ತಿದ್ದ ಹೆಂಗಸಿಗೆ ಕಾಫಿ ಕೊಡೇ ಎಂದ. ಊರೆಲ್ಲ ನಕ್ಕಿತು, ಅವನೂ ನಕ್ಕ. ಹಿಟ್ಟಿನ ಗಿರಣಿಯ ಸದ್ದು ಬಲಗಿವಿಗೆ ಬಂದರೆ ಬಾವಿಗೆ ತಿರುಗಬೇಕು, ಕಾಲಿಗೆ ಅಲುಗಾಡುವ ಚಪ್ಪಡಿ ಸಿಕ್ಕರೆ ಕೆಲಸದ ಕೊಟ್ಟಿಗೆ ಬಂತು. ಹೀಗೆ ಒಂದೊಂದಾಗಿ ಹಿಡಿದುಕೊಂಡು ದೀಪಾವಳಿ ಹೊತ್ತಿಗೆ ತಾನೇ ಕೊಡ ಹೊತ್ತು ನೀರು ತಂದ, ತಾನೇ ಕೊಟ್ಟಿಗೆಗೆ ಹೋಗಿ ಮಂಚ ಹೆಣೆದ. ಗಂಗಾಜಮ್ಮ ಮೂರು ವರ್ಷದಲ್ಲಿ ಮೊದಲ ಬಾರಿಗೆ ಮಧ್ಯಾಹ್ನ ಮಲಗಿ ನಿದ್ದೆ ಮಾಡಿದಳಂತೆ.

ಹೂ ಅರಳುವ ವಾರಕ್ಕೆ ಮುಂಚೆ ಆಕೆ ನನ್ನ ಮನೆಗೆ ಬಂದಳು. ಬಾಗಿಲ ಹೊರಗೇ ನಿಂತು ಸೆರಗಿನ ತುದಿಯನ್ನು ಹಿಂಡುತ್ತಾ, “ಜವರಕ್ಕ, ಒಂದ್ ಮಾತು ಕೇಳ್ಬೇಕು, ಬೈಬಾರ್ದು,” ಎಂದಳು.

“ಬೈಯೋ ಅಂಥ ಮಾತಾದ್ರೆ ಬೈತೀನಿ. ಒಳಗ್ ಬಾ,” ಎಂದೆ.

“ಒಳಗ್ ಬರಲ್ಲ. ಈ ಸಲ ನಮ್ದು ಬಿಳಿಪೇಟನೇ ಬರ್ಬೇಕು ಕಣಕ್ಕ. ಬೇರೆ ಬೀದಿಗ್ ಹೋದ್ರೆ ಅವರು ಮತ್ತೆ ಗೋಡೆಗ್ ಒರಗಿ ಕೂತ್ಬಿಡ್ತಾರೆ. ಮೊನ್ನೆನೇ ಅಂದ್ರು, ಇನ್ನೊಂದ್ ಬೀದಿ ಕಲಿಯೋ ಶಕ್ತಿ ನನಗಿಲ್ಲ ಅಂತ. ಅವರಿಗ್ ಬಿಡಿ, ನನಗಿಲ್ಲ. ನನ್ ರಟ್ಟೆ ನೋಡಿ.” ಅವಳು ಎಡಗೈ ಎತ್ತಿ ತೋರಿಸಿದಳು. ಮೂರು ವರ್ಷ ಅವನು ಹಿಡಿದುಕೊಂಡು ನಡೆದ ಕೈ ಅದು. ಮೊಣಕೈಯ ಮೇಲೆ ನಾಲ್ಕು ಬೆರಳಿನ ಕಲೆ ಕಂದಿಹೋಗಿತ್ತು.

“ಹೂವು ಏನ್ ಹೇಳ್ತದೋ ಅದನ್ನ ಬರೀತೀನಿ ಗಂಗಾಜಮ್ಮ. ನನ್ ಕೈಲಿ ಇನ್ನೇನಿದೆ,” ಎಂದೆ. ಅವಳು ತಲೆಯಾಡಿಸಿ ಹೋದಳು. ಬೈಯಬಾರದೆಂದು ಕೇಳಿದ್ದಕ್ಕೆ ಬೈದಿರಲಿಲ್ಲ, ಆದರೆ ಬೈದಿದ್ದರೇ ವಾಸಿಯಾಗಿತ್ತು ಎಂದು ಆಮೇಲೆ ಅನಿಸಿತು. ಮೂವತ್ತೊಂದು ವರ್ಷದಲ್ಲಿ ಇಂಥ ಮಾತು ಎಷ್ಟು ಕೇಳಿದ್ದೇನೋ. ಬಸುರಿ ಮಗಳು, ಸಾಲೆಗೆ ಹತ್ತಿರ, ಅತ್ತೆಯಿಂದ ದೂರ. ಎಲ್ಲರಿಗೂ ಅದೇ ಉತ್ತರ ಕೊಟ್ಟಿದ್ದೇನೆ. ಉತ್ತರ ಹಳೆಯದಾದಷ್ಟೂ ಹೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಬಿಳಿಪೇಟದ ಬೀದಿಯ ಸರದಿ ಮೂರನೆಯ ಬೆಳಗ್ಗೆಗೆ ಬಂತು. ಎರಡು ದಿನ ಅರವತ್ತೆಪ್ಪತ್ತು ಜಗಲಿ ಹತ್ತಿ ಇಳಿದಿದ್ದೆ, ಕಾಲು ಬಾತಿದ್ದವು. ಆದರೂ ಅಂದು ಬೆಳಗ್ಗೆ ಏನೋ ವಿಚಿತ್ರವಾಯಿತು. ಬಟ್ಟೆ ಹಿಡಿದಲ್ಲೆಲ್ಲ ಬಿಳಿಪೇಟ. ನಲವತ್ತೊಂದು ಮನೆಯ ಆ ಬೀದಿಯಲ್ಲಿ ಇಪ್ಪತ್ತಾರು ಮನೆಗಳ ಬಾಗಿಲಿಗೆ ಬಿಳಿಪೇಟ ಎಂದು ಬರೆದೆ. ಎಂದೂ ಹೀಗಾಗಿರಲಿಲ್ಲ. ಹತ್ತು ಮನೆ ಉಳಿದರೆ ಹೆಚ್ಚು. ಜನ ಕಟ್ಟಿಟ್ಟಿದ್ದ ಟ್ರಂಕುಗಳನ್ನು ಬಿಚ್ಚಿದರು. ಹಿಟ್ಟಿನ ಗಿರಣಿಯ ಮರಿಸ್ವಾಮಿ, ಆ ಬೀದಿಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುವ ಒಬ್ಬನೇ ಒಬ್ಬ, ಅಂದು ಕೈಮುಗಿದ. ಗಿರಣಿ ಅಲ್ಲಿಂದ ಅಲುಗುವುದಿಲ್ಲ, ಅವನು ಮಾತ್ರ ವರ್ಷವರ್ಷ ಅಲೆಯುತ್ತಿದ್ದ. ಈ ವರ್ಷವೂ ಮನೆಯ ಬಾಗಿಲಿಂದ ಗಿರಣಿಯ ಬಾಗಿಲಿಗೆ ಬರಿಗಾಲಲ್ಲಿ ಹೋಗಬಹುದು.

ಚಿಕ್ಕೀರಣ್ಣನ ಮನೆಯಲ್ಲಿ ಕುಂಡ ಜಗಲಿಯ ನೆರಳಿನ ಮೂಲೆಯಲ್ಲಿತ್ತು. ಅವನು ಹೂವಿನ ಪಕ್ಕದಲ್ಲೇ ಕೂತು ಬೆರಳ ತುದಿಯಿಂದ ಪೇಟವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. “ಬಣ್ಣ ಬೆರಳಿಗೆ ಸಿಕ್ಕಲ್ಲ ಅಕ್ಕ, ಗೊತ್ತು. ಆದ್ರೂ ಸುಮ್ನಿರಕ್ಕಾಗ್ಲಿಲ್ಲ,” ಎಂದ. ನಾನು ಬಟ್ಟೆ ಹಿಡಿದೆ. ಬಟ್ಟೆ, ಪೇಟ ಎರಡೂ ಒಂದೇ. “ಬಿಳಿಪೇಟ,” ಎಂದೆ. ಗಂಗಾಜಮ್ಮ ಒಳಗೆ ಹೋಗಿ ಟ್ರಂಕು ಬಿಚ್ಚತೊಡಗಿದಳು. ಚಿಕ್ಕೀರಣ್ಣ ಕೈ ಚಾಚಿ ನನ್ನ ಪಾದ ಹುಡುಕಿದ. ಬೇಡವೆಂದು ಹಿಂದೆ ಸರಿದೆ. ನನಗೆ ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ಕಷ್ಟಪಟ್ಟು ಬೀದಿ ದಾಟಿ ಮನೆಗೆ ಬರುತ್ತಾ, ಈ ಗೆಡ್ಡೆಗಳಿಗೂ ನನ್ನ ಹಾಗೇ ಸಾಕಾಗಿದೆ, ಇನ್ನು ಮೇಲೆ ಎಲ್ಲರೂ ಇದ್ದಲ್ಲೇ ಇರುತ್ತಾರೆ ಎಂದುಕೊಂಡೆ. ಅರವತ್ತರ ಹತ್ತಿರ ಬಂದ ಹೆಂಗಸು ಎಷ್ಟು ಪೆದ್ದಿಯಾಗಬಹುದು ನೋಡಿ.

ಹನ್ನೊಂದರ ಹೊತ್ತಿಗೆ ತಟ್ಟೆಯಲ್ಲಿ ಮೊಸರನ್ನ ಕಲಸಿಕೊಂಡು ಕೂತಿದ್ದೆ. ಬಟ್ಟೆ ಹೆಗಲಿನಿಂದ ಜಾರಿ ತಟ್ಟೆಯ ಪಕ್ಕಕ್ಕೆ ಬಿತ್ತು. ತುತ್ತು ಬಾಯಿಗೆ ಹೋಗಲಿಲ್ಲ. ಮೊಸರಿನ ಪಕ್ಕದಲ್ಲಿ ನನ್ನ ಬಿಳಿ ಬಟ್ಟೆ ನೀಲಿಯಾಗಿ ಕಾಣುತ್ತಿತ್ತು.

ಹಿಂದಿನ ಸಂಜೆ ನೆನಪಾಯಿತು. ಆ ಬಟ್ಟೆಯನ್ನು ಬೇರೆ ಪಾತ್ರೆಯಲ್ಲಿ, ಅಂಟುವಾಳದ ನೀರಿನಲ್ಲಿ, ಬೇರೆ ಯಾವ ಬಟ್ಟೆಯ ನೀರೂ ತಾಗದಂತೆ ಒಗೆಯಬೇಕು. ಸೋದರತ್ತೆ ನನಗೆ ಮೊದಲು ಕಲಿಸಿದ್ದೇ ಅದನ್ನು, ಹೂ ನೋಡುವುದನ್ನಲ್ಲ. ಆದರೆ ಆ ಸಂಜೆ ಕಾಲು ಕಿತ್ತುಕೊಂಡು ಹೋಗುತ್ತಿತ್ತು. ನನ್ನ ಬಿಳಿ ಸೀರೆಗೆ ನೀಲಿ ಹಾಕಿದ ಬಕೆಟ್ಟು ಮುಂದೆಯೇ ಇತ್ತು. ಇನ್ನೊಂದು ಪಾತ್ರೆ ತರಲು ಏಳಬೇಕಿತ್ತು. ಏಳಲಿಲ್ಲ. ಅದರಲ್ಲೇ ಅದ್ದಿ ಹಿಂಡಿ ಹರವಿದೆ. ನೀಲಿ ಹಿಡಿದ ಬಟ್ಟೆಯ ಮುಂದೆ ತಿಳಿನೀಲಿ ಪೇಟ ಬಿಳಿಯಾಗಿ ಕಾಣದೆ ಇನ್ನೇನಾಗಿ ಕಾಣುತ್ತದೆ? ಇಪ್ಪತ್ತಾರರಲ್ಲಿ ಎಷ್ಟು ಸುಳ್ಳೋ ದೇವರಿಗೇ ಗೊತ್ತು. ಮೊದಲೆರಡು ದಿನದ ಬಟ್ಟೆ ಸರಿಯಾಗಿತ್ತು ಎನ್ನುವುದೊಂದೇ ಸಮಾಧಾನ.

ಕೈ ತೊಳೆದೆ. ಟ್ರಂಕಿನಲ್ಲಿ ಹೊಸ ಮಲ್ಲಿನ ತುಂಡಿತ್ತು, ತೆಗೆದುಕೊಂಡೆ. ಸುಣ್ಣದ ಡಬ್ಬಿ ತೆಗೆದುಕೊಂಡೆ. ಹೊಸ್ತಿಲ ಬಳಿ ಒಂದು ಗಳಿಗೆ ನಿಂತೆ. ಯಾರಿಗೂ ಗೊತ್ತಿಲ್ಲ, ನಾನು ಹೇಳದಿದ್ದರೆ ಗೊತ್ತಾಗುವುದೂ ಇಲ್ಲ, ಇಪ್ಪತ್ತಾರು ಮನೆಯವರೂ ಸಂತೋಷವಾಗಿದ್ದಾರೆ ಎಂದು ಯೋಚಿಸಿದೆ. ಆದರೆ ಬೇರೆ ಬೀದಿಗಳಲ್ಲಿ ಬಿಳಿಪೇಟ ಅರಳಿ ಈ ಬೀದಿಗೆ ಬರಬೇಕಾದವರಿಗೆ ಅಲ್ಲಿ ಮನೆಯೇ ಇರುವುದಿಲ್ಲ. ಅವರು ಟ್ರಂಕು ಹೊತ್ತು ಬಂದು ಬೀದಿಯಲ್ಲಿ ನಿಂತಾಗ ನಾನು ಯಾವ ಮುಖ ತೋರಿಸಲಿ? ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಬಿಸಿಲೇರಿದ್ದರಿಂದ ಕೆಲಸ ಕೆಟ್ಟಿತ್ತು. ಎಸಳಿನ ಹೊರಮೈ ಆಗಲೇ ಬೆಳ್ಳಗಾಗಿತ್ತು. ಆದರೆ ಪೇಟದ ಒಳಮಡಿಕೆಗೆ ಬಿಸಿಲು ತಾಗುವುದಿಲ್ಲ. ಮೆಲ್ಲಗೆ ಬಿಡಿಸಿ, ಬಟ್ಟೆಯ ಚೂರನ್ನು ಒಳಗೆ ತೂರಿಸಿ ನೋಡಿದರೆ ಬೆಳಗಿನ ಬಣ್ಣ ಅಲ್ಲಿ ಉಳಿದಿರುತ್ತದೆ. ಹಾಗೆ ಒಂದೊಂದೇ ಮನೆ. ಪ್ರತಿ ಜಗಲಿಯಲ್ಲೂ ಅದೇ ಮಾತು: ಬಟ್ಟೆಗೆ ನೀಲಿ ತಾಗಿತ್ತು, ನನ್ನದೇ ತಪ್ಪು, ಮತ್ತೆ ನೋಡಬೇಕು. ಕೆಲವರು ನಕ್ಕರು. ಒಬ್ಬಳು ಬಿಚ್ಚಿದ ಟ್ರಂಕಿನ ಮುಂದೆ ಕೂತು ಗೊಳೋ ಎಂದು ಅತ್ತಳು. ಒಬ್ಬ ಮುದುಕ ನನ್ನ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡ, ಹಾಕಿದ ಬಾಗಿಲ ಮೇಲೆಯೇ ಬರೆದು ಬಂದೆ. ಮರಿಸ್ವಾಮಿಯ ಹೂ ತಿಳಿಪೇಟವೇ ಆಗಿತ್ತು.

“ಬೆಳಗ್ಗೆ ಕೈ ಮುಗಿದ್ನಲ್ಲ ಜವರಮ್ಮೋರೆ, ಅದನ್ನ ವಾಪಸ್ ಕೊಡಿ,” ಎಂದ ಅವನು. ತಮಾಷೆಯಾಗಿ ಹೇಳಲಿಲ್ಲ. “ಎಲ್ಲಾ ಮನೆಗೂ ಹೋಗ್ತೀರಾ, ಇಲ್ಲಾ ನನ್ನಂಥೋರ ಮನೆಗ್ ಮಾತ್ರನಾ?”

“ಎಲ್ಲಾ ಮನೆಗೂ.”

“ಕುರುಡನ ಮನೆಗೂ?”

“ಅದಕ್ಕೂ,” ಎಂದೆ. ಅವನು ಗಿರಣಿಗೆ ಬೀಗ ಹಾಕಿ ನನ್ನ ಹಿಂದೆಯೇ ನಡೆದ. ಮಧ್ಯಾಹ್ನವೆಲ್ಲ ನಡೆದ. ನಾನು ಜಗಲಿ ಹತ್ತಿದರೆ ಅವನು ಕೆಳಗೆ ನಿಂತು ಕಾಯುತ್ತಿದ್ದ.

ನಾಲ್ಕರ ಹೊತ್ತಿಗೆ ಇಪ್ಪತ್ತೈದು ಮನೆ ಮುಗಿದವು. ಹದಿನೆಂಟನ್ನು ಅಳಿಸಿ ತಿಳಿಪೇಟ ಎಂದು ಬರೆದಿದ್ದೆ, ಏಳು ಉಳಿದಿದ್ದವು. ಚಿಕ್ಕೀರಣ್ಣನ ಮನೆಯನ್ನು ಕೊನೆಗೆ ಉಳಿಸಿಕೊಂಡದ್ದು ಯಾಕೆಂದು ನನ್ನನ್ನೇ ಕೇಳಿಕೊಳ್ಳಲು ಇಷ್ಟವಿರಲಿಲ್ಲ. ಅವನ ಮನೆ ಬೀದಿಯ ನಡುವೆ ಇದೆ. ನಾಲ್ಕು ಸಲ ಅದರ ಮುಂದೆಯೇ ಹಾದುಹೋಗಿದ್ದೆ.

ಚಿಕ್ಕೀರಣ್ಣ ಜಗಲಿಯ ಮೇಲೆ ಬೆಳಗ್ಗೆ ಕೂತಲ್ಲೇ ಕೂತಿದ್ದ. ಗಂಗಾಜಮ್ಮ ಬಾಗಿಲಲ್ಲಿ ನಿಂತಿದ್ದಳು, ನನ್ನನ್ನು ಕಂಡು ಬಾ ಎನ್ನಲಿಲ್ಲ. ಕುಂಡ ಮಾತ್ರ ಬೆಳಗ್ಗೆ ಇದ್ದಲ್ಲಿರಲಿಲ್ಲ. ನೆರಳಿನ ಮೂಲೆಯಲ್ಲಿ ಅದು ನಿಂತಿದ್ದ ಕಡೆ ದುಂಡಗೆ ಒದ್ದೆಯ ಗುರುತಿತ್ತು. ಅಲ್ಲಿಂದ ಮೆಟ್ಟಿಲ ತುದಿಯ ಉರಿಬಿಸಿಲಿನವರೆಗೆ ಕೆಂಪು ಗಾರೆಯ ಮೇಲೆ ಎಳೆದ ಗೀರು. ಹೂವಿನ ಪೇಟ ಬಿಸಿಲಿಗೆ ಮುಖ ಮಾಡಿ ಬಿಚ್ಚಿಕೊಂಡು ನಿಂತಿತ್ತು. ಬೆಳಗ್ಗೆಯಿಂದ ಚಿಕ್ಕೀರಣ್ಣನ ಬೆರಳು ಆಡಿ ಆಡಿ ಅದರ ಮಡಿಕೆಗಳೆಲ್ಲ ಸಡಿಲವಾಗಿದ್ದವು. ಒಳಗು ಯಾವುದು, ಹೊರಗು ಯಾವುದು ಎಂದು ಹೇಳುವ ಹಾಗಿರಲಿಲ್ಲ. ಹೊಸ ಬಟ್ಟೆ ಹಿಡಿದೆ. ಎಲ್ಲೆಲ್ಲಿ ಹಿಡಿದರೂ ಬಿಳಿ. ಆ ಗೀರು ನೋಡದಿದ್ದರೆ ನಾನು ದೇವರಾಣೆ ಮಾಡಿ ಬಿಳಿಪೇಟ ಎನ್ನುತ್ತಿದ್ದೆ.

ನೋಡಿಯೂ ಎನ್ನುವವಳಿದ್ದೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಬೆಳಗ್ಗೆ ಹೇಗಿತ್ತೋ ಯಾರಿಗೆ ಗೊತ್ತು, ನಿಜವಾಗಿಯೂ ಬಿಳಿಯೇ ಇದ್ದಿರಬಹುದು ಎಂದು ಮನಸ್ಸು ಹೇಳತೊಡಗಿತ್ತು. ಬೆನ್ನ ಹಿಂದೆ ಮರಿಸ್ವಾಮಿ, “ಏನಂತೆ?” ಎಂದ. ಬಾಯಿ ತೆರೆದೆ.

“ಕುಂಡ ನೆರಳಲ್ಲಿತ್ತು ಅಕ್ಕ,” ಎಂದ ಚಿಕ್ಕೀರಣ್ಣ. “ನೀವು ಮತ್ತೆ ಬೀದಿಗ್ ಬಂದ್ರಿ ಅಂತ ಗೊತ್ತಾದ್ ಕೂಡ್ಲೆ ಇವಳು ಬಿಸಿಲಿಗ್ ಎಳೆದ್ಲು. ನನಗ್ ಹೇಳ್ಲಿಲ್ಲ. ಸದ್ದು ಕೇಳ್ತು. ಬೆಳಗ್ಗೆ ನೀವು ಬರೋಕ್ ಮುಂಚೆನೇ ಒಂದ್ಸಲ ಕೇಳಿದ್ದೆ, ಹೆಂಗಿದೆಯೇ ಅಂತ. ಸ್ವಲ್ಪ ನೀಲಿ ಹಿಡ್ದಂಗಿದೆ ಅಂದಿದ್ಲು. ಆಮೇಲೆ ನೀವು ಬಿಳಿ ಅಂದ್ರಿ, ಇಬ್ರೂ ಸುಮ್ನಾದ್ವಿ.”

ಗಂಗಾಜಮ್ಮ ಉರಿದುಬಿದ್ದಳು. “ಹೇಳ್ಬಿಟ್ಯಾ? ಹೇಳ್ಬಿಟ್ಯಲ್ಲಯ್ಯಾ! ನಿನಗೇನು, ಗೋಡೆ ಸಿಕ್ರೆ ಒರಗಿ ಕೂತ್ಕೋತೀಯ. ನಡೆಸೋಳು ನಾನು. ಮೋರಿಯಿಂದ ಎತ್ತೋಳು ನಾನು. ಬಚ್ಚಲಿಗೂ ನಾನೇ, ಬಾವಿಗೂ ನಾನೇ. ಮೂರು ವರ್ಷ ನಾನ್ ಸತ್ತೆ ಅಂತ ಒಂದಿನ ಆದ್ರೂ ಅಂದಿದೀನಾ? ಒಂದು ಕುಂಡ ಎಳೆದಿದ್ದೇ ದೊಡ್ಡ ಪಾಪ ಆಗೋಯ್ತಾ ನಿನಗೆ?”

“ಪಾಪ ಅಲ್ಲ ಕಣೆ,” ಎಂದ ಅವನು. ಸ್ವರ ತಗ್ಗಿತ್ತು. “ಬೆಳಗ್ಗಿಂದ ಅಕ್ಕನ ಚಪ್ಪಲಿ ಸದ್ದು ಕೇಳ್ತಾ ಕೂತಿದೀನಿ. ಆ ಮನೆ ಹತ್ತಿದ್ರು, ಈ ಮನೆ ಇಳಿದ್ರು, ನಮ್ ಮುಂದೆ ಬಂತು, ಹೋಯ್ತು. ನಾಕ್ ಸಲ. ಪ್ರತೀ ಸಲ ಎದೆ ಬಾಯಿಗ್ ಬಂತು. ಇವತ್ತು ಅವರು ಬಿಟ್ಟು ಹೋದ್ರೂ ಇನ್ನೊಂದ್ ವರ್ಷ ನಾನು ಹಿಂಗೇ ಕೇಳ್ತಾ ಕೂರ್ಬೇಕು. ಯಾರ್ ಜಗಲಿ ಮುಂದೆ ನಿಂತ್ರೂ ಅಕ್ಕ ಬಂದ್ರಾ ಅಂತ. ಈ ಬೀದಿಲಿ ನಾ ಕಲ್ತಿದ್ದೆಲ್ಲಾ ಕಿವಿಲಿ ಕಣೆ. ಅದರಲ್ಲಿ ಇದೊಂದ್ ಸದ್ದು ಸೇರ್ಕೊಂಡ್ರೆ ಮಿಕ್ಕಿದ್ದು ಏನೂ ಕೇಳ್ಸಲ್ಲ.”

ಮರಿಸ್ವಾಮಿ ಮೆಟ್ಟಿಲ ಕೆಳಗೆ ಕಾಲು ಬದಲಿಸಿದ, ಕೆಮ್ಮಿದ. ಮಧ್ಯಾಹ್ನವೆಲ್ಲ ಹಿಂದೆ ಹಿಂದೆ ನಡೆದ ಮನುಷ್ಯನ ಮುಖ ಈಗ ಮುದುಡಿಹೋಗಿತ್ತು. “ನನ್ ಕಿವಿ ಗಿರಣಿ ಸದ್ದಿಗೆ ಹೋಗಿ ಎಷ್ಟೋ ವರ್ಷ ಆಯ್ತು ಜವರಮ್ಮೋರೆ,” ಎಂದ. “ಇಲ್ಲಿ ಏನ್ ಮಾತಾಡಿದ್ರೋ ನನಗೇನೂ ಕೇಳ್ಸಿಲ್ಲ.” ಹೇಳಿ ತಿರುಗಿ ಹೊರಟ. ಬೇಗ ಬೇಗ ಹೆಜ್ಜೆ ಹಾಕಿದ, ಯಾರಾದರೂ ಕರೆದುಬಿಟ್ಟಾರು ಎನ್ನುವಂತೆ.

ಅವನ ಹೆಜ್ಜೆ ದೂರವಾಗುವವರೆಗೆ ಚಿಕ್ಕೀರಣ್ಣ ತಲೆ ಓರೆ ಮಾಡಿ ಕೇಳಿದ. ಆಮೇಲೆ, “ಒಳ್ಳೇ ಮನುಷ್ಯ. ಅವನಿಗ್ ಕೇಳ್ಸಿಲ್ಲ. ನಿಮಗ್ ಕೇಳ್ಸ್ತಲ್ಲ ಅಕ್ಕ,” ಎಂದ.

ಕೇಳಿಸಿತ್ತು. ಅಂಗೈ ಒದ್ದೆ ಮಾಡಿಕೊಂಡು ಬಾಗಿಲ ಮೇಲಿನ ಅಕ್ಷರ ಒರೆಸಿದೆ. ಸುಣ್ಣ ಪೂರ್ತಿ ಹೋಗಲಿಲ್ಲ, ಮಸುಕಾಗಿ ಹರಡಿಕೊಂಡಿತು. ಅದರ ಕೆಳಗೆ ತಿಳಿಪೇಟ ಎಂದು ಬರೆದೆ. ಆ ಮಧ್ಯಾಹ್ನ ಅದೇ ಪದವನ್ನು ಹದಿನೆಂಟು ಸಲ ಬರೆದಿದ್ದೆ, ಇದು ಹತ್ತೊಂಬತ್ತನೆಯದು. ಗಂಗಾಜಮ್ಮ ನೋಡುತ್ತಾ ನಿಂತಿದ್ದಳು. ಬೆಳಗ್ಗೆ ಬಿಚ್ಚಿದ್ದ ಟ್ರಂಕಿಗೆ ಮತ್ತೆ ಬಟ್ಟೆ ತುಂಬಲು ಒಳಗೆ ಹೋದಳು. ಪಾತ್ರೆಗಳು ಒಂದರ ಮೇಲೊಂದು ಬೀಳುವ ಸದ್ದು ಬಂತು. ಅದು ಕೋಪದ ಸದ್ದಾಗಿದ್ದರೆ ನನಗೆ ಹಗುರಾಗುತ್ತಿತ್ತು, ಬರೀ ಸುಸ್ತಿನ ಸದ್ದಾಗಿತ್ತು.

“ಆ ಬೀದಿಲಿ ಬಾವಿ ಎಷ್ಟು ದೂರ ಅಕ್ಕ?” ಎಂದು ಕೇಳಿದ ಚಿಕ್ಕೀರಣ್ಣ.

ತಿಳಿಪೇಟದ ಬೀದಿಯಲ್ಲಿ ನಾನು ಆರು ವರ್ಷ ಬಾಳಿದ್ದೇನೆ. ಆರು ವರ್ಷ ಆ ಬಾವಿಯ ನೀರು ಹೊತ್ತಿದ್ದೇನೆ. ಎಷ್ಟು ದೂರವೆಂದು ನನಗೆ ಗೊತ್ತಿರಲಿಲ್ಲ. ಕಣ್ಣಿದ್ದವಳು ಯಾಕೆ ಎಣಿಸುತ್ತಾಳೆ? “ಇರು, ಬಂದೆ,” ಎಂದು ಮೆಟ್ಟಿಲಿಳಿದೆ. ಯಾವ ಬೀದಿ ಎನ್ನುವುದು ಹೂವಿನ ಕೈಯಲ್ಲಿದೆ, ಬೀದಿಯಲ್ಲಿ ಯಾವ ಮನೆ ಎನ್ನುವುದನ್ನು ಮಾತ್ರ ನಾನು ಹೇಳಬಹುದು. ಆ ಬೀದಿಗೆ ಹೋಗಿ, ಮೆಟ್ಟಿಲಿಲ್ಲದ, ಬಾವಿಗೆ ಹತ್ತಿರದ ಮನೆಯೊಂದನ್ನು ಆರಿಸಿಕೊಂಡೆ. ಅಲ್ಲಿದ್ದವರು ಜಗಲಿಯಲ್ಲಿ ಕೂತು ಹುರಳಿಕಾಯಿ ಮುರಿಯುತ್ತಿದ್ದರು, ನಾನು ಅವರ ಹೊಸ್ತಿಲಿಂದ ಬಾವಿಕಟ್ಟೆಗೆ ಬಾಯಿ ಬಿಟ್ಟು ಎಣಿಸುತ್ತಾ ನಡೆದದ್ದನ್ನು ನೋಡಿ ಮುಖ ಮುಖ ನೋಡಿಕೊಂಡರು. ತಪ್ಪಾಗಬಾರದೆಂದು ಎರಡು ಸಲ ಎಣಿಸಿದೆ. ವಾಪಸು ಬರುವಷ್ಟರಲ್ಲಿ ಬಿಸಿಲು ಗೋಡೆಯ ಮೇಲಕ್ಕೆ ಹೋಗಿತ್ತು, ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ.

“ನಲವತ್ತೇಳು ಹೆಜ್ಜೆ ಕಣಪ್ಪ,” ಎಂದೆ, ಜಗಲಿಗೆ ಒರಗಿ ಉಸಿರೆಳೆದುಕೊಳ್ಳುತ್ತಾ. “ನೆಟ್ಟಗೆ ಹೋದ್ರೆ ಸಾಕು, ತಿರುವಿಲ್ಲ. ಮಧ್ಯೆ ಒಂದೇ ಮೋರಿ, ಅದಕ್ಕೂ ಚಪ್ಪಡಿ ಹಾಕಿದಾರೆ. ಎರಡ್ ಸಲ ಎಣಿಸ್ದೆ.”

ಚಿಕ್ಕೀರಣ್ಣ ತುಟಿಯಲ್ಲೇ ಆ ಸಂಖ್ಯೆಯನ್ನು ಹೇಳಿಕೊಂಡ. ಆಮೇಲೆ ಸಂಕೋಚದಿಂದ ಎನ್ನುವಂತೆ ಕೇಳಿದ: “ನಿಮ್ ಹೆಜ್ಜೆನಾ ಅಕ್ಕ, ನನ್ ಹೆಜ್ಜೆನಾ?”

ನನ್ನ ಕಾಲನ್ನು ನೋಡಿಕೊಂಡೆ. ಬೆಳಗ್ಗಿನಿಂದ ಬಾತ ಕಾಲಿನ, ಅರ್ಧಕ್ಕರ್ಧ ತುಂಡಾದ ಹೆಜ್ಜೆಗಳು ಅವು. ಅವನು ನನಗಿಂತ ಒಂದು ಮೊಳ ಎತ್ತರದವನು.

ಗಂಗಾಜಮ್ಮ ಒಳಗಿನಿಂದ ಬಂದಳು. ಅವಳೂ ಕೇಳಿಸಿಕೊಂಡಿದ್ದಳು. ಗಂಡನ ರಟ್ಟೆ ಹಿಡಿದು ಎಬ್ಬಿಸಿ, ಕೋಲು ಕೈಗೆ ಕೊಟ್ಟು, ಒಂದೊಂದೇ ಮೆಟ್ಟಿಲು ಇಳಿಸಿದಳು. ಅವನ ಕೈ ಅಭ್ಯಾಸದಂತೆ ಅವಳ ಎಡ ಮೊಣಕೈಯನ್ನು ಹುಡುಕಿತು. ಅವಳು ಆ ಬೆರಳುಗಳನ್ನು ಬಿಡಿಸಿ ತಂದು ನನ್ನ ತೋಳಿನ ಮೇಲಿಟ್ಟಳು.

“ಇವತ್ತು ಆ ಬಾವಿಗೆ ನೀವು ಕರ್ಕೊಂಡ್ ಹೋಗಿ ಜವರಕ್ಕ,” ಎಂದಳು. ಹೇಳಿ, ಹೊಸ್ತಿಲ ಮೇಲೆ ಕೂತು ಎರಡು ಕಾಲನ್ನೂ ನೀಡಿಕೊಂಡಳು. ಚಿಕ್ಕೀರಣ್ಣನ ಹಿಡಿತ ನಾನೆಣಿಸಿದ್ದಕ್ಕಿಂತ ಬಿಗಿಯಾಗಿತ್ತು. ನಾನು ಹೊರಟೆ, ಅವನು ಜೊತೆಗೆ ಬಂದ.